ಅಂಟಿನುಂಡೆ ಡಬ್ಬಿಯಲ್ಲಿದ್ದ ಬ್ಯಾಟರಿ

ಮಲಯ್ ನಾಡಿನ ಪುಚೊಂಗಿನ ಬಾಡಿಗೆ ಮನೆಯ ಕೀಲಿ ಕೈಗೆ ಕೊಡುವ ಮುನ್ನ ಅದರ ಮಾಲೀಕ ನನ್ನನ್ನೂ ನನ್ನ ಗಂಡನನ್ನೂ ಹಾಲ್‌ನ ನಟ್ಟನಡುವೆ ನಿಲ್ಲಿಸಿ, ತಲೆ ಎತ್ತಿ ಚಾವಣಿ ನೋಡಲು ಹೇಳಿದ. ನೋಡಿದೆವು. ಬಿಳಿ ಪ್ಲಾಸ್ಟಿಕ್ಕಿನ ಗುಂಡನೆಯ ಡಬ್ಬಿಯೊಂದು ಅಲ್ಲಿ ಅಂಟಿಕೊಂಡಿತ್ತು. ಮಲಗುವ ಕೋಣೆಗೆ ಕರೆದುಕೊಂಡು ಹೋದ. ಅಲ್ಲೂ ಅಂಥದೇ ಇನ್ನೊಂದು. "ಸ್ಮೋಕ್ ಅಲಾರ್ಮ್" ಎಂದ, ತನ್ನ ಮಕ್ಕಳ ಪರಿಚಯ ಮಾಡಿಸುವವನ ಹಾಗೆ. ಎಪ್ಪತ್ತರ ಆಸುಪಾಸಿನ ಚೀನೀ ಮುದುಕ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್. ಕುರ್ಚಿ ಹತ್ತಿ, ಗುಂಡಿ ಒತ್ತಿ, ಎರಡನ್ನೂ ಒಂದೊಂದು ಸಲ ಕಿರುಚಿಸಿ ತೋರಿಸಿದ. ನಾಲ್ಕು ತಿಂಗಳ ಬಸುರಿಯಾಗಿದ್ದ ನಾನು ಕಿವಿ ಮುಚ್ಚಿಕೊಂಡು, ಈ ಪಿರಿಪಿರಿ ಮುದುಕನ ಕೈಗೆ ಸಿಕ್ಕಿಕೊಂಡೆವಲ್ಲ ಅಂದುಕೊಂಡೆ.

ಮನೆ ತೋರಿಸಲು ಬಂದಿದ್ದ ತಮಿಳು ಏಜೆಂಟ್ ಹೆಂಗಸು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ಕಾರಿಡಾರಿನಲ್ಲಿ, ಲಿಫ್ಟಿನ ಹತ್ತಿರ ಇದ್ದರೆ ಸಾಕು, ಇಂಥ ಮನೆಗಳ ಒಳಗೆ ಬಂದು ಯಾರೂ ಕೇಳುವುದಿಲ್ಲ, ಇದೆಲ್ಲ ಈ ಅಂಕಲ್‌ನ ಹುಚ್ಚು. ನಿಯಮ ನಿಜವಾಗಿ ಏನು ಹೇಳುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಉತ್ಸಾಹ ಯಾರಿಗೂ ಇರಲಿಲ್ಲ. ಮುದುಕನ ಕಿವಿ ಮಾತ್ರ ಚುರುಕಾಗಿತ್ತು. ಕುರ್ಚಿಯಿಂದ ಇಳಿಯುತ್ತ ತನ್ನ ತುಂಡು ಇಂಗ್ಲಿಷಿನಲ್ಲಿ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಸೇರಿಸಿ ಹೇಳಿದ: "ರೂಲ್ ಈ ಮನೇಲಿ ಮಲಗೋದಿಲ್ಲ ಲಾ. ಇವರು ಮಲಗ್ತಾರೆ."

ಕರಾರಿನಲ್ಲೂ ಅದನ್ನೇ ಟೈಪ್ ಮಾಡಿಸಿದ್ದ. ಅಲಾರ್ಮ್ ತೆಗೆಯಕೂಡದು, ಮುಚ್ಚಕೂಡದು, ಪ್ರತಿ ತಿಂಗಳ ಮೊದಲ ಶನಿವಾರ ಮಾಲೀಕ ಬಂದು ಪರೀಕ್ಷಿಸುತ್ತಾನೆ. ನನ್ನ ಗಂಡ ಅದನ್ನು ಓದಿ ನಕ್ಕು ಸಹಿ ಹಾಕಿದ. ಅವನು ನಗಬಾರದಿತ್ತು. ಯಾಕೆಂದರೆ ಅವನ ಹೊಟ್ಟೆಪಾಡೇ ಎಚ್ಚರಿಕೆಯ ಗಂಟೆಗಳದ್ದು. ಒಂದು ದೊಡ್ಡ ಕಂಪನಿಯ ಕಂಪ್ಯೂಟರುಗಳಿಗೆ ಏನಾದರೂ ಆಗುವ ಮುಂಚೆಯೇ ಕೆಂಪು ದೀಪ ಹೊತ್ತುವಂತೆ ಮಾಡುವುದು, ಹೊತ್ತಿದ ದೀಪವನ್ನು ಯಾರೂ ಉದಾಸೀನ ಮಾಡದಂತೆ ನೋಡಿಕೊಳ್ಳುವುದು. ಎಚ್ಚರಿಕೆಯನ್ನು ಕಿರಿಕಿರಿ ಅಂದುಕೊಂಡ ದಿನವೇ ಅನಾಹುತ ಶುರು ಎಂದು ಆಫೀಸಿನಲ್ಲಿ ಭಾಷಣ ಮಾಡಿ ಗಾಜಿನ ಫಲಕವೊಂದನ್ನು ಗಿಟ್ಟಿಸಿಕೊಂಡು ಬಂದಿದ್ದ. ಆ ಫಲಕ ಹಾಲ್‌ನಲ್ಲಿ, ಟಿ.ವಿ. ಪಕ್ಕದಲ್ಲಿ, ಅಲಾರ್ಮಿನ ಸರಿಯಾಗಿ ಕೆಳಗಿತ್ತು. ಅತಿಥಿಗಳು ಬಂದರೆ ಕಾಣಲಿ ಎಂದು ನಾನೇ ವಾರಕ್ಕೊಮ್ಮೆ ಒರೆಸಿ ಇಡುತ್ತಿದ್ದೆ.

ಆ ಮನೆಯ ಅಡುಗೆ ಜಾಗಕ್ಕೂ ಹಾಲ್‌ಗೂ ನಡುವೆ ಗೋಡೆಯೇ ಇರಲಿಲ್ಲ. ಅಡುಗೆಯೆಂದರೆ ನೀರು ಕಾಯಿಸುವುದು ಎಂದು ತಿಳಿದವರು ಕಟ್ಟಿದ ಮನೆ. ಮೊದಲ ದಿನ ಸಾರಿಗೆ ಒಗ್ಗರಣೆ ಹಾಕಿದೆ, ಎಣ್ಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಕಪ್ಪಗಾಯಿತು, ಅಲಾರ್ಮ್ ಬಾಯಿ ಬಡಿದುಕೊಂಡಿತು. ಎರಡನೆಯ ದಿನವೂ ಬಡಿದುಕೊಂಡಿತು. ಮೂರನೆಯ ದಿನ ನಾನು ಅದರ ಕೆಳಗೆ ನಿಂತು ಟವೆಲ್ ಬೀಸಿದೆ, ಹೊಗೆ ಚದುರಿತು, ಅದು ಸುಮ್ಮನಾಯಿತು. ಸಾರು ಕುದಿಯುವುದಕ್ಕಿಂತ ಅದನ್ನು ಸಮಾಧಾನ ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಗಂಡ ಈ ಕಷ್ಟವನ್ನು ತೋಡಿಕೊಂಡ. ಆ ಗುಂಪಿನಲ್ಲಿ ಸಲಹೆಗೆ ಬರವಿಲ್ಲ. ಸಿರಿವಂತರ ಬಡಾವಣೆ ಮಾಂಟ್ ಕಿಯಾರಾದಲ್ಲಿದ್ದ ಒಬ್ಬ ಮಹಾನುಭಾವ, ಹೋಟೆಲಿನ ಬಚ್ಚಲಲ್ಲಿ ಇಟ್ಟಿರುತ್ತಾರಲ್ಲ, ತಲೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಶವರ್ ಕ್ಯಾಪ್, ಅದು ಅಲಾರ್ಮಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ ಎಂದು ಬರೆದ. ತಮ್ಮ ಮನೆಯಲ್ಲಿ ಗಣಹೋಮ ಮಾಡಿಸಿದಾಗ ಐದು ಕ್ಯಾಪ್ ಹಾಕಿದ್ದರಂತೆ. ಅದಕ್ಕೆ ಇಂಜಿನಿಯರುಗಳು, ಡಾಕ್ಟರುಗಳು, ಬಿಸಿನೆಸ್ ಮಾಡುವವರು ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಓದಿದವರ ಗುಂಪು ಎಂದರೆ ಹೀಗಿರಬೇಕು. ಮುಂದಿನ ಸಲ ಹೋಟೆಲಿಗೆ ಹೋದಾಗ ನನ್ನ ಗಂಡ ನಾಲ್ಕು ಕ್ಯಾಪ್ ಎತ್ತಿಕೊಂಡು ಬಂದ.

ಪ್ರತಿ ತಿಂಗಳೂ ಶುಕ್ರವಾರ ಸಂಜೆ ಕ್ಯಾಪ್ ತೆಗೆಯುವುದು, ಶನಿವಾರ ಮುದುಕ ಬಂದು ಗುಂಡಿ ಒತ್ತಿ, ಪುಟ್ಟ ಡೈರಿಯಲ್ಲಿ ಗುರುತು ಹಾಕಿಕೊಂಡು ಹೋದ ಮೇಲೆ ಮತ್ತೆ ಹಾಕುವುದು. ಹೀಗೆ ನಡೆದಿತ್ತು ನಮ್ಮ ಸಂಸಾರ. ಬೆನ್ನ ಹಿಂದೆ ಅವನನ್ನು ಅಣಕಿಸಿ ನಾವಿಬ್ಬರೂ ನಗುತ್ತಿದ್ದೆವು. ಅವನು ಕುರ್ಚಿ ಹತ್ತುವ ಮೊದಲು ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕಾಗದ ಹಾಸಿಕೊಳ್ಳುತ್ತಿದ್ದುದನ್ನು ನಾನು ಬಹಳ ಚೆನ್ನಾಗಿ ನಟಿಸಿ ತೋರಿಸುತ್ತಿದ್ದೆ.

ಹೆರಿಗೆಗೆ ಹದಿನೈದು ದಿನ ಇರುವಾಗ ಗದಗಿನ ಕಡೆಯಿಂದ ನನ್ನ ಅವ್ವ ಬಂದಳು. ಬಾಣಂತನ ಮಾಡಲು ಬಂದವಳ ಸಾಮಾನಿನಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚು. ಅಂಟು, ಕೊಬ್ಬರಿ, ಉತ್ತತ್ತಿ ಹಾಕಿ ಕಟ್ಟಿದ ಅಂಟಿನುಂಡೆ ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ. ಮಗಳು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವ್ವ ಕೇಳಿದ್ದು ಸಿಗಡಿ, ಅಂದರೆ ಅಗ್ಗಿಷ್ಟಿಕೆ. ನಮ್ಮ ಕಡೆ ಬಾಣಂತಿಗೂ ಕೂಸಿಗೂ ಎರೆದ ಮೇಲೆ ಕೆಂಡದ ಸಿಗಡಿಯನ್ನು ಕೋಣೆಯಲ್ಲಿಟ್ಟು, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಹೊಗೆ ಕೊಡುತ್ತಾರೆ. ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ ಕೂಸಿನ ಬಟ್ಟೆ ಬೆಚ್ಚಗೆ ಮಾಡುತ್ತಾರೆ. ಗಂಡ ನಮ್ಮ ದೇಶದವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಹೋಗಿ ಮಣ್ಣಿನ ಸಿಗಡಿ, ಲೋಬಾನ ತಂದ. ಇದ್ದಿಲು ಮಾತ್ರ ಇಲ್ಲೇ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿತು, ಬಾರ್ಬೆಕ್ಯೂ ಮಾಡುವವರಿಗೆಂದು ಚೀಲದಲ್ಲಿ ಮಾರುವುದು. ಚೀಲದ ಮೇಲೆ, ಮನೆಯೊಳಗೆ ಹೊತ್ತಿಸಬೇಡಿ ಎಂದು ಬೆಂಕಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದಿತ್ತು. ಅವ್ವನಿಗೆ ಆ ಭಾಷೆ ಬರದು. ನನಗೆ ಚಿತ್ರ ಕಾಣುತ್ತಿತ್ತು.

ಮೊದಲ ದಿನ ಲೋಬಾನ ಹಾಕಿದ್ದೇ ತಡ, ಕೋಣೆಯ ಅಲಾರ್ಮ್ ಚೀರಿತು. ಕೂಸು ಬೆಚ್ಚಿಬಿದ್ದು ಉಸಿರು ಕಟ್ಟಿ ಅತ್ತಿತು.

"ಯವ್ವಾ, ಕೂಸಿನ ಜೀವಾ ಹಾರಿ ಹೋಗ್ತೈತಿ! ಮೊದಲು ಅದರ ಬಾಯಿ ಮುಚ್ಚಸ್ರಿ" ಅಂತ ಅವ್ವ ಕೂಗಿದಳು.

ಎಚ್ಚರಿಕೆಯ ಪಂಡಿತ ಕುರ್ಚಿ ಹತ್ತಿ, ಅಲಾರ್ಮ್ ತಿರುವಿ, ಒಳಗಿನ ಚೌಕನೆಯ ಬ್ಯಾಟರಿ ಕಿತ್ತು ನನ್ನ ಕೈಗೆ ಕೊಟ್ಟ. "ಏನೂ ಆಗಲ್ಲ ಬಿಡಿ ಅತ್ತೆ, ಬಾಣಂತನ ಮುಗಿಯೋವರೆಗೂ ಇದು ಬೇಡ" ಅಂದ. ನಾನು ಅದನ್ನು ಅವ್ವನ ಕೈಗೆ ಕೊಟ್ಟೆ.

"ಬೇ, ಇದನ್ನ ಜ್ವಾಕಿ ಮಾಡು. ಮನಿ ಮಾಲಕ ಬರೂ ಮುಂದ ಮತ್ತ ಹಾಕಬೇಕು. ಕಳದ್ರ ನಮ್ಮ ಮರ್ಯಾದಿ ಹೊಕ್ಕೈತಿ."

ಅವ್ವನಿಗೆ ಒಂದು ವಸ್ತು ಜೋಪಾನ ಮಾಡು ಅಂದರೆ ಮುಗಿಯಿತು. ಹತ್ತಿ ಬಟ್ಟೆಯ ಚಿಂದಿಯಲ್ಲಿ ಅದನ್ನು ಸುತ್ತಿ, ಗಂಟು ಹಾಕಿ, ಅಂಟಿನುಂಡೆ ಡಬ್ಬಿಯ ಮೇಲ್ಭಾಗದಲ್ಲಿ ಇಟ್ಟಳು. ಆ ಡಬ್ಬಿಯನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಮೊದಲ ಶನಿವಾರ ಬಂತು. ಬೆಳಿಗ್ಗೆಯೇ ಸಿಗಡಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಹಿಂದೆ ಅಡಗಿತು, ಕಿಟಕಿಗಳು ತೆರೆದವು, ಬ್ಯಾಟರಿ ಡಬ್ಬಿಯಿಂದ ಎದ್ದು ಚಾವಣಿ ಸೇರಿತು. ಮುದುಕ ಬಂದ, ಕಾಗದ ಹಾಸಿದ, ಹತ್ತಿದ, ಒತ್ತಿದ. ಕೋಣೆಯಲ್ಲಿ ಒಂದು ಗಳಿಗೆ ಮೂಗರಳಿಸಿ ನಿಂತ. ಚಾವಣಿಯ ಮೇಲೆ ತಟ್ಟೆಯಗಲದ ಮಸಿ ಇತ್ತು. ಅದನ್ನು ನೋಡಿದ, ತೊಟ್ಟಿಲನ್ನು ನೋಡಿದ, ಡೈರಿಯಲ್ಲಿ ಗುರುತು ಹಾಕಿಕೊಂಡು ಹೋದ. ಅವನು ಹೋದ ಐದು ನಿಮಿಷಕ್ಕೆ ಬ್ಯಾಟರಿ ಮರಳಿ ಅಂಟಿನುಂಡೆಗಳ ನಡುವೆ ಮಲಗಿತ್ತು. ಇದು ಇಲ್ಲಿನ ಯಾವುದೋ ವ್ರತ ಇರಬೇಕು ಎಂದುಕೊಂಡ ಅವ್ವ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಮುದುಕ ಹೇಳದೆ ಕೇಳದೆ ಬಂದ. ಹಾಲ್‌ನ ಅಲಾರ್ಮಿಗೆ ನಮ್ಮ ಶವರ್ ಕ್ಯಾಪ್ ಹಾಕಿದ್ದು ಹಾಗೇ ಇತ್ತು. ಅವನು ಅದನ್ನು ಬಿಡಿಸಿ, ನೀಟಾಗಿ ಮಡಚಿ, ನನ್ನ ಕೈಗಿಟ್ಟು, "ಇದು ತಲೆಗೆ ಲಾ" ಅಂದ. ಹಳೆಯದನ್ನು ಕಳಚಿ ಹೊಸ ಅಲಾರ್ಮ್ ಕೂರಿಸಿದ. ಇದರ ಬ್ಯಾಟರಿ ಒಳಗೇ ಸೀಲ್ ಆಗಿದೆ, ಹೊರಗೆ ಬರುವುದಿಲ್ಲ, ಹತ್ತು ವರ್ಷ ಬಾಳುತ್ತದೆ ಎಂದ. ಕೋಣೆಗೂ ಇಂಥದೇ ತರುತ್ತೇನೆ, ಅಂಗಡಿಯಲ್ಲಿ ಒಂದೇ ಇತ್ತು ಎಂದ. ನನಗೆ ಅವಮಾನವಾಯಿತು. ಅವಮಾನವಾದವರು ಮಾಡುವುದನ್ನೇ ನಾನೂ ಮಾಡಿದೆ, ಅವನು ಲಿಫ್ಟ್ ಹತ್ತುವವರೆಗೂ ಹಲ್ಲು ಕಿರಿದು, ಬಾಗಿಲು ಮುಚ್ಚಿದ ಮೇಲೆ ಬೈದೆ. ಬಾಡಿಗೆಗೆ ಮನೆ ಕೊಟ್ಟಿದ್ದಾನೋ ಶಾಲೆ ನಡೆಸುತ್ತಿದ್ದಾನೋ ಎಂದು ಸಂಜೆ ಗಂಡನಿಗೂ ವರದಿ ಒಪ್ಪಿಸಿದೆ.

ಮತ್ತೆ ಕ್ಯಾಪ್ ಹಾಕಲು ಧೈರ್ಯ ಸಾಲಲಿಲ್ಲ. ಹಾಗಾಗಿ ಈಗ ಅಡುಗೆ ಮಾಡುತ್ತಿದ್ದ ಅವ್ವನಿಗೆ ನಾನು ಪಾಠ ಮಾಡಿದೆ.

"ಬೇ, ಇದು ಒದರಿದ್ರ ಅಂಜಬ್ಯಾಡ. ಏನೂ ಆಗಿರಂಗಿಲ್ಲ. ಒಗ್ಗರಣಿ ಹೊಗಿಗೆ ಒದರತೈತಿ. ಟವೆಲ್ ತಗೊಂಡು ಕೆಳಗ ನಿಂತು ಬೀಸು, ತಾನ ಸುಮ್ಮನಾಗತೈತಿ."

ಅವ್ವ ಎರಡೇ ದಿನದಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಅಲಾರ್ಮ್ ಒಂದು ಸಲ ಕಿರುಚುವಷ್ಟರಲ್ಲಿ ಕೈಯಲ್ಲಿ ಟವೆಲ್ ಇರುತ್ತಿತ್ತು. ಬೀಸುತ್ತ, "ಸಾಕ್ ಸುಮ್ಮನಿರೋ, ಗೊತ್ತಾತು" ಅಂತ ಅದಕ್ಕೆ ಬುದ್ಧಿ ಹೇಳುತ್ತಿದ್ದಳು. ಕೋಣೆಯಲ್ಲಿ ಕೂತು ಅದನ್ನು ಕೇಳಿ ನಾನು ನಗುತ್ತಿದ್ದೆ.

ಮಗಳಿಗೆ ಆರನೆಯ ವಾರ. ಗಂಡ ಆಫೀಸಿಗೆ ಹೋಗಿದ್ದ. ಅವ್ವ ನನಗೂ ಕೂಸಿಗೂ ಎರೆದು, ನನ್ನ ತಲೆಗೆ ಬಟ್ಟೆ ಕಟ್ಟಿ, ಮಂಚದ ಪಕ್ಕ ಸಿಗಡಿಯಿಟ್ಟು, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಹರವಿದಳು. ಬಾಣಂತಿಗೆ ಗಾಳಿ ಬಡಿಯಬಾರದು. ಕಿಟಕಿ ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಗೆ ಹೊರಗಿನಿಂದ ಹಳೆಯ ಸೀರೆಯೊಂದನ್ನು ತುರುಕಿ, ನನಗೆ ಹಾಲು ಕಾಯಿಸಲು ಹೋದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನನಗೂ ನಿದ್ದೆ ಬಂತು. ಇಷ್ಟು ನನಗೆ ಗೊತ್ತಿರುವುದು. ಮುಂದಿನದು ಅವ್ವ ಹೇಳಿದ್ದು.

ಹಾಲ್‌ನ ಅಲಾರ್ಮ್ ಒದರಿತು. ಅವ್ವ ಕುರ್ಚಿಯ ಮೇಲಿದ್ದ ಟವೆಲ್ ತೆಗೆದುಕೊಂಡು ಅದರ ಕೆಳಗೆ ಹೋಗಿ ಬೀಸಿದಳು. ಸುಮ್ಮನಾಗಲಿಲ್ಲ. ಜೋರಾಗಿ ಬೀಸಿದಳು. ಕೂಸು ಏಳುತ್ತದೆಂಬ ಗಾಬರಿಗೆ ಕುರ್ಚಿ ಎಳೆದುಕೊಂಡು, ಅರವತ್ತರ ಮೇಲಿನ ಹೆಂಗಸು, ಅದನ್ನು ಹತ್ತಿ ನಿಂತು ಬೀಸಿದಳು. ಎಷ್ಟು ಹೊತ್ತು ಬೀಸಿದಳೋ ಅವಳಿಗೆ ತಿಳಿಯದು. ತೋಳು ಸೋತು ಬಂದಾಗ, ಒಲೆಯನ್ನಾದರೂ ಆರಿಸೋಣ ಎಂದು ತಿರುಗಿ ನೋಡಿದಳು.

"ಒಲಿ ಮ್ಯಾಲೆ ಹಾಲಷ್ಟ ಇತ್ತಲ್ಲ ಯವ್ವಾ. ಇವತ್ತ ಒಗ್ಗರಣಿ ಎಲ್ಲಿ ಹಾಕೇನಿ ನಾನು? ಹಾಲು ಹೊಗಿ ಎಲ್ಲಿ ಬಿಡತೈತಿ?"

ಇಷ್ಟೂ ಜನರಲ್ಲಿ ಯೋಚನೆ ಮಾಡಿದವಳು ಅವಳೊಬ್ಬಳೇ. ಕುರ್ಚಿಯಿಂದ ಹಾರಿ ಬಾಗಿಲು ದೂಡಿದಳು. ಬುಟ್ಟಿ ಹೊತ್ತಿಕೊಂಡಿತ್ತು, ಅದರ ಮೇಲಿನ ಬಟ್ಟೆಗಳು ಕಮರಿ ಕೋಣೆಯ ತುಂಬ ಹೊಗೆ, ಮಂಚದ ಹಾಸಿನ ಅಂಚಿಗೆ ಬೆಂಕಿ ತಾಗಿತ್ತು. ಮೊದಲು ಕೂಸನ್ನು ಎತ್ತಿ ಬಾಲ್ಕನಿಯಲ್ಲಿ ಮಲಗಿಸಿ ಬಂದು, ನನ್ನನ್ನು ತೋಳು ಹಿಡಿದು ದರದರ ಎಳೆದಳು. ಆಮೇಲೆ ಬಚ್ಚಲಲ್ಲಿ ಉಳಿದಿದ್ದ ಎರೆಯುವ ನೀರನ್ನು ಬಕೆಟ್ ಬಕೆಟ್ ತಂದು ಸುರಿದಳು. ಬುಟ್ಟಿಯನ್ನು ಬರಿಗೈಯಲ್ಲಿ ಎಳೆದದ್ದಕ್ಕೆ ಬಲಗೈ ಬೆಂದಿತ್ತು. ನನಗೆ ನೆನಪಿರುವುದು ಕೆನ್ನೆಗೆ ತಾಗಿದ ತಣ್ಣನೆಯ ಟೈಲ್ಸ್, ಮತ್ತು ಇನ್ನೂ ಒದರುತ್ತಲೇ ಇದ್ದ ಅಲಾರ್ಮ್. ಅದನ್ನು ಕೇಳಿ ಪಕ್ಕದ ಮನೆಯವರು ಬಾಗಿಲು ಬಡಿದು, ಆಂಬುಲೆನ್ಸಿಗೆ ಫೋನ್ ಮಾಡಿದರು.

ಆಸ್ಪತ್ರೆಯಲ್ಲಿ ಎರಡು ದಿನ ನನಗೂ ಮಗಳಿಗೂ ಆಮ್ಲಜನಕ ಕೊಟ್ಟರು. ಚಿಕ್ಕ ವಯಸ್ಸಿನ ಮಲಯ್ ಡಾಕ್ಟರ್ ಸಮಾಧಾನದಿಂದಲೇ ಹೇಳಿದಳು: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ವಿಷದ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಬಟ್ಟೆ ಹೊತ್ತುವ ಮೊದಲೇ ಅದು ನಿಮ್ಮನ್ನು ಮಂಪರಿಗೆ ತಳ್ಳಿರಬೇಕು, ಇನ್ನೂ ಸ್ವಲ್ಪ ಹೊತ್ತಾಗಿದ್ದರೆ... ಅಷ್ಟು ಹೇಳಿ ಮಗುವಿನ ಕಡೆ ನೋಡಿದಳು. ಆರು ವಾರ ದಿನಾಲೂ ಆ ಕೆಂಡದ ಪಕ್ಕದಲ್ಲಿ ಮಗಳನ್ನು ಮಲಗಿಸಿದ್ದೆ ನಾನು. ಬಿ.ಎಸ್ಸಿ. ಪಾಸಾಗಿದ್ದೇನೆ, ಅದೂ ಕೆಮಿಸ್ಟ್ರಿಯಲ್ಲಿ.

ಮನೆಗೆ ಬಂದ ಮೇಲೆ ಹಣ್ಣು ಹಿಡಿದುಕೊಂಡು ನೋಡಲು ಬಂದವರಿಗೆಲ್ಲ ಗಂಡ ಕಥೆ ಹೇಳಿದ. ಕಥೆಯಲ್ಲಿ ಬ್ಯಾಟರಿ ಇರಲಿಲ್ಲ, ಶವರ್ ಕ್ಯಾಪ್ ಇರಲಿಲ್ಲ, ಅವನೂ ಇರಲಿಲ್ಲ. "ಬೆಂಕಿ ಬಿದ್ದಿದೆ, ನಮ್ಮ ಅತ್ತೆ ಅಲಾರ್ಮ್‌ಗೆ ಗಾಳಿ ಬೀಸ್ತಾ ನಿಂತಿದಾರೆ ಕಣ್ರೀ!" ಅಂತ ಟವೆಲ್ ಹಿಡಿದು ನಟಿಸಿಯೂ ತೋರಿಸಿದ. ಎಲ್ಲರೂ ನಕ್ಕರು. ಕ್ಯಾಪಿನ ಸಲಹೆ ಕೊಟ್ಟಿದ್ದ ಮಹಾನುಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಕೈಗೆ ಬ್ಯಾಂಡೇಜ್ ಕಟ್ಟಿಸಿಕೊಂಡಿದ್ದ ಅವ್ವ, ತನಗೆ ಬುದ್ಧಿ ಇಲ್ಲದ್ದು ಹೌದೇ ಹೌದು ಅನ್ನುವಂತೆ ತಾನೂ ನಕ್ಕಳು. ಬಂದವರು ಹೋದ ಮೇಲೆ ನನ್ನನ್ನು ಮೆಲ್ಲಗೆ ಕೇಳುತ್ತಿದ್ದಳು: "ಎಷ್ಟೊತ್ತು ಬೀಸ್ಯೇನ ಯವ್ವಾ ನಾನು? ಭಾಳ ಹೊತ್ತು ಬೀಸಿದ್ನೇನ?" ಬೀಸಲು ಕಲಿಸಿದವಳು ನಾನು ಎಂದು ಅವಳೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮುದುಕ ಬಂದದ್ದು ನಾವು ಆಸ್ಪತ್ರೆಯಿಂದ ಬಂದ ಮರುದಿನ. ಕೋಣೆಯಲ್ಲಿ ನಿಂತು ಕಪ್ಪಾದ ಗೋಡೆ, ಸುಟ್ಟ ಮಂಚದ ಕಾಲು ಎಲ್ಲ ನೋಡಿದ. ಕೈಯಲ್ಲಿದ್ದ ಚೀಲದಲ್ಲಿ ಕೋಣೆಗೆಂದು ತಂದ ಹೊಸ ಅಲಾರ್ಮ್ ಇತ್ತು. ಕಾಗದ ಹಾಸಿ, ಕುರ್ಚಿ ಹತ್ತಿ, ಮಸಿ ಹಿಡಿದಿದ್ದ ಹಳೆಯದನ್ನು ತಿರುವಿ ತೆಗೆದುಕೊಂಡು ಕೆಳಗಿಳಿದ. ಅದರ ಹೊಟ್ಟೆ ಖಾಲಿ. ನಮಗೆ ಕಾಣುವಂತೆ ಅದನ್ನು ಮುಂದೆ ಹಿಡಿದ.

ನನ್ನ ಗಂಡ ಗಂಟಲು ಸರಿಮಾಡಿಕೊಂಡು ತನ್ನ ಆಫೀಸಿನ ಇಂಗ್ಲಿಷಿನಲ್ಲಿ ಹೇಳಿದ: ನನ್ನ ಅತ್ತೆ, ಅಂಕಲ್, ಹಳ್ಳಿಯವರು, ವಯಸ್ಸಾಗಿದೆ, ಇದೆಲ್ಲ ಅವರಿಗೆ ಗೊತ್ತಾಗುವುದಿಲ್ಲ, ನಮಗೆ ಹೇಳದೆ ತೆಗೆದುಬಿಟ್ಟಿದ್ದಾರೆ.

ಮುದುಕ ಅವ್ವನ ಕಡೆ ನೋಡಿದ. ಅವ್ವನಿಗೆ ಇಂಗ್ಲಿಷ್ ಬಾರದು. ಆದರೆ ಖಾಲಿ ಅಲಾರ್ಮ್ ಅವಳಿಗೆ ಅರ್ಥವಾಯಿತು. ಅವಳ ಮುಖ ಒಮ್ಮೆಲೇ ಹಗುರಾಯಿತು. ಲಗುಬಗೆಯಿಂದ ಅಡುಗೆ ಕಟ್ಟೆಗೆ ಹೋಗಿ, ಸ್ಟೀಲ್ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಎಡಗೈಯಲ್ಲಿ ಮುಚ್ಚಳ ತೆಗೆದು, ಗಂಟನ್ನು ಹಲ್ಲಿನಿಂದ ಬಿಚ್ಚಿ, ಬ್ಯಾಟರಿಯನ್ನು ಅವನ ಅಂಗೈಯಲ್ಲಿಟ್ಟಳು.

"ತಗೋರಿ ಅಣ್ಣಾರ. ಜ್ವಾಕಿ ಮಾಡು ಅಂತ ನನ್ನ ಮಗಳು ಕೊಟ್ಟಿದ್ಲು, ಜ್ವಾಕಿಲೆ ಇಟ್ಟೇನ್ರಿ. ಒಂದು ಹನಿ ನೀರು ತಾಗಸಿಲ್ಲ ನೋಡ್ರಿ."

ಮುದುಕ ನನ್ನನ್ನು ಕೇಳಿದ: "ಆಂಟಿ ಏನು ಹೇಳ್ತಾರೆ?"

ಗಂಡ ನನ್ನನ್ನು ನೋಡಿದ. ನನ್ನ ತೋಳಿನಲ್ಲಿ ಮಗಳಿದ್ದಳು, ಅವ್ವ ಹೊಗೆಯಿಂದ ಎತ್ತಿ ತಂದಿದ್ದ ಮಗಳು. ಅವ್ವನ ಮಾತಿನಲ್ಲಿ ತಿಳಿಯದ ಶಬ್ದ ಒಂದೂ ಇರಲಿಲ್ಲ.

"ತಪ್ಪಾಯ್ತು ಅಂತಿದಾರೆ ಅಂಕಲ್" ಅಂದೆ.

ಅವನು ಖಾಲಿ ಅಲಾರ್ಮನ್ನು ಕುರ್ಚಿಯ ಮೇಲಿಟ್ಟ. ಆಮೇಲೆ ಅವ್ವನ ಕಡೆ ತಿರುಗಿ, ಮೃದುವಾಗಿ, "ಪರವಾಗಿಲ್ಲ ಆಂಟಿ, ಬೇಬಿ ಚೆನ್ನಾಗಿದೆಯಲ್ಲ, ಪರವಾಗಿಲ್ಲ ಲಾ" ಅಂದ.

"ಏನಂತಾರ ಯವ್ವಾ ಅಣ್ಣಾರು?" ಅವ್ವ ಕೇಳಿದಳು.

"ಜ್ವಾಕಿಲೆ ಇಟ್ಟಿದ್ದಕ್ಕ ಭಾಳ ಖುಷಿ ಆಗೈತಂತ ಬೇ" ಅಂದೆ. ಒಂದೇ ನಿಮಿಷದಲ್ಲಿ, ಎರಡು ಭಾಷೆಯಲ್ಲಿ, ಎರಡು ಸುಳ್ಳು. ಈ ಕಥೆಯುದ್ದಕ್ಕೂ ಗಂಡನನ್ನು ಅಣಕಿಸಿಕೊಂಡು ಬಂದ ನನಗೆ ಅವನಷ್ಟು ತಯಾರಿಯೂ ಬೇಕಾಗಲಿಲ್ಲ.

ಅವ್ವನ ಮುಖ ಅರಳಿತು. ಡಬ್ಬಿಯಿಂದ ಒಂದು ಅಂಟಿನುಂಡೆ ತೆಗೆದು, ತಪ್ಪನ್ನು ಮನ್ನಿಸಿದ್ದ ಆ ಮುದುಕನ ಇನ್ನೊಂದು ಕೈಯಲ್ಲಿಟ್ಟು, "ತಿನ್ರಿ ಅಣ್ಣಾರ" ಅಂದಳು.